ನಿಗಾ ಪಕ್ಷಕ್ಕೆ ಬಿದ್ದ ಒಂದು ಓಟು

ಚನ್ನಬಸಪ್ಪ ಕಾಕಾ ಯಾರ ಹೆಸರನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಸ್ಟೇಶನ್ ಬಜಾರದ ಒಂದು ಲಾಡ್ಜಿನಲ್ಲಿ ಅವರು ಮ್ಯಾನೇಜರು. ರೈಲಿಳಿದು ಬಂದ ಗಿರಾಕಿ ರಿಜಿಸ್ಟರಿನಲ್ಲಿ ಹೆಸರು ಬರೆದು, ಗುರುತಿನ ಚೀಟಿಯ ಝೆರಾಕ್ಸ್ ಕೊಟ್ಟು, ಕೀಲಿ ಇಸಿದುಕೊಂಡು ಮೆಟ್ಟಿಲು ಹತ್ತುವವರೆಗೆ ಕಾಕಾ ಕೌಂಟರಿನ ಹಿಂದೆ ಸುಮ್ಮನೆ ಕೂತಿರುತ್ತಿದ್ದರು. ಅವನು ಅರ್ಧ ಮೆಟ್ಟಿಲು ಹತ್ತಿದ ಮೇಲೆ ಹಿಂದಿನಿಂದ ಆ ಹೆಸರನ್ನು ಜೋರಾಗಿ ಕರೆಯುತ್ತಿದ್ದರು. ತಟ್ಟನೆ ತಿರುಗಿದರೆ ಸರಿ. ಕೊಂಚ ತಡವಾದರೆ, "ರೂಮ್ ಖಾಲಿ ಇಲ್ರಿ, ನಾ ನೋಡಿದ್ದು ತಪ್ಪಾಗ್ಯಾದ" ಎಂದು ಕೀಲಿ ವಾಪಸ್ ತೆಗೆದುಕೊಳ್ಳುತ್ತಿದ್ದರು. ಕಿವಿ ಮಂದವಾಗಿದ್ದ ಒಬ್ಬ ನಿವೃತ್ತ ತಹಶೀಲ್ದಾರರು ಹೀಗೆ ಪೆಟ್ಟಿಗೆ ಹೊತ್ತುಕೊಂಡು ಬೀದಿಗೆ ಬಂದದ್ದನ್ನು ನಾನೇ ಕಂಡಿದ್ದೇನೆ.

"ಹೆಸರ ಕೇಳಬಾರದೋ ರಫೀಕ, ಕರದ ನೋಡಬೇಕು" ಎಂದು ನನಗೆ ಹೇಳುತ್ತಿದ್ದರು. ಲಾಡ್ಜಿನ ಎದುರಿಗೇ ನನ್ನ ಪ್ರೆಸ್ಸು. ಲಗ್ನಪತ್ರಿಕೆ, ರಸೀದಿ ಬುಕ್ಕು, ರಬ್ಬರ್ ಸ್ಟ್ಯಾಂಪು, ಚುನಾವಣೆ ಬಂದರೆ ಕರಪತ್ರ, ಇದು ನನ್ನ ಕಸುಬು. ದಿನಾ ಮಧ್ಯಾಹ್ನ ಚಹಾಕ್ಕೆ ಕಾಕಾ ನನ್ನ ಹತ್ತಿರ ಬರುತ್ತಿದ್ದರು. ಚಹಾದವನು ಹಾಲಿಗೆ ನೀರು ಬೆರೆಸುತ್ತಾನೆಂಬ ಅನುಮಾನ ಎಲ್ಲರಿಗೂ ಇತ್ತು. ನೀರಿಗೂ ಏನೋ ಬೆರೆಸುತ್ತಾನೆಂಬುದು ಕಾಕಾ ಒಬ್ಬರ ಅನುಮಾನ.

ಇಂಥವರು ಒಂದು ರಾಜಕೀಯ ಪಕ್ಷ ಕಟ್ಟಿದರು ಎಂದರೆ ನೀವು ನಗಬಹುದು. ನಾವೂ ನಕ್ಕೆವು. ಪಕ್ಷದ ಹೆಸರು ಜನತಾ ನಿಗಾ ಪಕ್ಷ. ಗೆದ್ದವರ ಮೇಲೆ ಕಣ್ಣಿಡುವುದಷ್ಟೇ ಅದರ ಕೆಲಸ, ಗೆಲ್ಲುವುದಲ್ಲ ಎಂದು ಕಾಕಾ ಮೊದಲ ಕರಪತ್ರದಲ್ಲೇ ಬರೆಸಿದ್ದರು. "ಹಂಗಾದ್ರ ನಿಮಗ ಓಟ್ ಯಾಕ ಹಾಕಬೇಕ್ರಿ?" ಎಂದು ಕೇಳಿದ್ದೆ. "ನಿಗಾ ಇಡಾಕ ಕುಂದ್ರಲಿಕ್ಕೆ ಜಾಗಾ ಬೇಕಲ್ಲೋ" ಅಂದರು. ಛಾಪಿಸಿದ ಕರಪತ್ರಗಳ ಕೆಳಗೆ ನನ್ನ ಪ್ರೆಸ್ಸಿನ ಹೆಸರು, ಎಷ್ಟು ಪ್ರತಿ ಎಂಬುದು ಕಾಯ್ದೆಯ ಪ್ರಕಾರ ಇರಲೇಬೇಕು. ಕಾಕಾ ನೆಲದ ಮೇಲೆ ಕೂತು ಒಂದೊಂದೇ ಪ್ರತಿ ಎಣಿಸಿ ನೋಡಿದರು. ಒಂದು ಹೆಚ್ಚಿತ್ತು. ಅದನ್ನು ಯಾವ ವಿರೋಧಿಗೆ ಕೊಡುವುದಕ್ಕೆ ಛಾಪಿಸಿದೆ ಎಂದು ನನ್ನನ್ನೇ ವಿಚಾರಣೆ ಮಾಡಿದರು.

ಕಾಕಾನ ಮನೆ, ಓಟು ಎರಡೂ ಕಮಲಾಪುರದಲ್ಲಿ. ಅವರ ಹೆಂಡತಿ ಗೌರಮ್ಮ ಕಾಕು ಅಲ್ಲೇ ಇದ್ದು ಕೆಂಪುಬಾಳೆಯ ತೋಟ ನೋಡಿಕೊಳ್ಳುತ್ತಿದ್ದರು. ವಾರಕ್ಕೊಮ್ಮೆ ಕಾಕಾ ಬಸ್ಸು ಹಿಡಿದು ಹೋಗಿ ಬರುತ್ತಿದ್ದರು. ಮೊದಲ ಸಲ ವಿಧಾನಸಭೆಗೆ ನಿಂತಾಗ ಠೇವಣಿ ಹೋಯಿತು, ಅದಕ್ಕೇನೂ ಅವರು ಬೇಸರಪಡಲಿಲ್ಲ. ಆದರೆ ಬೂತ್‌ವಾರು ಪಟ್ಟಿ ತರಿಸಿ ನೋಡಿದರೆ, ತಮ್ಮ ಓಟಿರುವ ಬೂತಿನಲ್ಲಿ ನಿಗಾ ಪಕ್ಷಕ್ಕೆ ಬಿದ್ದದ್ದು ಒಂಬತ್ತು. ಆ ಓಣಿಯಲ್ಲಿ ತಾನೂ ಹಾಕಿದ್ದೇನೆ ಎಂದು ಎದೆ ತಟ್ಟಿ ಹೇಳಿದವರು ಇಪ್ಪತ್ತು ಜನ. ಕಾಕಾ ಪಟ್ಟಿ ಕಿಸೆಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ, "ಖರೇ ಹೇಳ್ರಿ, ನೀವು ಒಂಬತ್ತರೊಳಗಿನವರೋ, ಹೊರಗಿನವರೋ?" ಎಂದು ಕೇಳಿದರು. ಹಾಕದವರು ನಕ್ಕರು, ಹಾಕಿದವರು ಮುನಿಸಿಕೊಂಡರು. ಎರಡನೆಯ ಚುನಾವಣೆಯಲ್ಲಿ ಅದೇ ಬೂತಿನಲ್ಲಿ ನಾಲ್ಕು ಓಟು ಬಂದವು. ಆ ಸಲ ಸ್ವಂತ ತಮ್ಮನ ಮನೆಯ ಹೊಸಿಲು ತುಳಿಯುವುದನ್ನೇ ಬಿಟ್ಟರು.

ಈ ಪಟ್ಟಿಗಳನ್ನೆಲ್ಲ ಒಂದು ಕೆಂಪು ಫೈಲಿನಲ್ಲಿ ಹಾಕಿಟ್ಟಿದ್ದರು. ಒಮ್ಮೆ ಮಷೀನು ಒರೆಸಲು ತಂದಿದ್ದ ರದ್ದಿಯಲ್ಲಿ ಒಂದು ಇಂಗ್ಲಿಷ್ ಪೇಪರು ಸಿಕ್ಕಿತು. ಇಂಗ್ಲೆಂಡಿನ ಒಂದು ಸಣ್ಣ ಪಕ್ಷ ಎಷ್ಟೋ ವರ್ಷಗಳಿಂದ ಎಲ್ಲ ಚುನಾವಣೆಗೂ ನಿಂತು, ಎಲ್ಲ ಕಡೆ ಠೇವಣಿ ಕಳೆದುಕೊಂಡ ಕಥೆ ಅದರಲ್ಲಿತ್ತು. ಕಾಕಾಗೆ ಓದಿ ಹೇಳಿದೆ. ಪೇಪರನ್ನು ನನ್ನ ಕೈಯಿಂದ ಇಸಿದುಕೊಂಡು ಕೇಳಿದರು.

"ಇನ್ನೂ ನಿಂದ್ರಾಕತ್ತಾರೇನು ಅವರು?"

"ಹೂಂ, ಮುಂದಿನ ಸಲಾನೂ ನಿಂದ್ರತಾರಂತ."

"ಸೋಲತೀವಂತ ಗೊತ್ತಿದ್ದೂ ನಿಂದ್ರತಾರಂದ್ರ, ಹಿಂದ ಯಾರೋ ಅದಾರ."

"ನಿಮ್ಮ ಹಿಂದ ಯಾರದಾರ ಮತ್ತ?"

"ನನ್ನ ಹಿಂದ ನೀ ಅದೀ. ಅದಕ್ಕಽ ನಿನ್ನ ಮ್ಯಾಲೂ ನನಗ ಶಕ್ ಅದ" ಎಂದು, ಆ ತುಂಡನ್ನು ಕತ್ತರಿಸಿಕೊಂಡು ಹೋಗಿ ಫೈಲಿನ ಮೊದಲ ಹಾಳೆಗೆ ಅಂಟಿಸಿದರು. ಸಮುದ್ರದಾಚೆ ತಮ್ಮಂಥವರೇ ಇದ್ದಾರೆಂಬ ಸಮಾಧಾನ ಅವರ ಮುಖದಲ್ಲಿತ್ತು. ಬಾಯಲ್ಲಿ ಮಾತ್ರ ಒಪ್ಪಿಕೊಳ್ಳಲಿಲ್ಲ.

ಮೂರನೆಯ ಚುನಾವಣೆಯ ದಿನ ನಾನು ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆ ಹತ್ತಿರದ ಬೂತಿನಲ್ಲಿ ಬೆಳಿಗ್ಗೆಯೇ ಓಟು ಹಾಕಿ, ಕಾಕಾನನ್ನು ಮೋಟಾರ್‌ಸೈಕಲ್ ಮೇಲೆ ಕೂರಿಸಿಕೊಂಡು ಹೊರಟೆ. ಊರೂರು ತಿರುಗಿ ಕಳ್ಳ ಓಟು ಹಿಡಿಯುವುದು ಅವರ ಕಾರ್ಯಕ್ರಮ. ಎಲ್ಲರೂ ಮೊದಲು ತಮ್ಮ ಓಟು ಹಾಕಿ ತಿರುಗಲು ಹೊರಡುತ್ತಾರೆ. ಕಾಕಾ ಹಾಗಲ್ಲ. "ನನ್ನ ಓಟು ಎಲ್ಲೂ ಓಡಿ ಹೋಗಲ್ಲ. ಕಳ್ಳರು ಬೆಳಿಗ್ಗೇನೇ ಬರ್ತಾರ" ಅಂದರು. ಇಡೀ ದಿನ ಒಬ್ಬ ಕಳ್ಳನೂ ಸಿಗಲಿಲ್ಲ. ಸಂಜೆ ನಾಲ್ಕೂವರೆಗೆ ಕಮಲಾಪುರದಿಂದ ದೂರದ ಒಂದು ಹಳ್ಳಿಯ ಬೂತಿನಲ್ಲಿ ಒಬ್ಬ ಮುದುಕಿ ನಾಗಮ್ಮ ಎಂಬ ಹೆಸರಿನ ಚೀಟಿ ಹಿಡಿದು ಬಂದಳು. ಕಾಕಾ ಹಿಂದಿನಿಂದ "ನಾಗಮ್ಮಾ!" ಎಂದು ಕರೆದರು. ಮುದುಕಿ ತಿರುಗಲಿಲ್ಲ.

ಮುಗಿಯಿತು. ಮತದಾರರ ಗುರುತಿಗೆ ತಕರಾರು ಎತ್ತಬೇಕೆಂದರೆ ಎರಡು ರೂಪಾಯಿ ಕಟ್ಟಬೇಕು. ಕಾಕಾ ಆ ನಾಣ್ಯವನ್ನು ಬೆಳಿಗ್ಗೆಯಿಂದ ಮುಷ್ಟಿಯಲ್ಲೇ ಹಿಡಿದಿದ್ದರು, ಟೇಬಲ್ ಮೇಲೆ ಟಪ್ಪೆಂದು ಇಟ್ಟರು. ಬೂತಿನ ಅಧಿಕಾರಿ ತಲೆ ಹಿಡಿದುಕೊಂಡು ವಿಚಾರಣೆ ಶುರು ಮಾಡಿದರು. ಊರಿನ ಹಿರಿಯರನ್ನು ಕರೆಸುವುದು, ಹೇಳಿಕೆ ಬರೆದುಕೊಳ್ಳುವುದು ಎಂದು ಒಂದು ತಾಸು ಹೋಯಿತು. ಮುದುಕಿ ಕುರ್ಚಿಯಲ್ಲಿ ಕೂತು ಕಾಕಾನನ್ನೇ ನೋಡುತ್ತಿದ್ದಳು.

"ನಾ ನಾಗಮ್ಮ ಅಲ್ಲಂದ್ರ ಮತ್ತ ಯಾರಪ್ಪಾ, ನೀನಽ ಹೇಳು. ಎಂಬತ್ತ ವರ್ಷ ಎಲ್ಲಾರೂ ಆಯಿ ಅಂದಾರ, ಮುದುಕಿ ಅಂದಾರ. ಹೆಸರ ಹಿಡದು ಯಾರ ಕರದಾರ ನನಗ?"

ಅವಳು ನಾಗಮ್ಮನೇ ಎಂದು ಊರೆಲ್ಲ ಸಾಕ್ಷಿ ಹೇಳಿತು. ಎರಡು ರೂಪಾಯಿ ಮುಟ್ಟುಗೋಲಾಯಿತು. ಕಾಕಾ ಆಕೆಗೆ ಕೈಮುಗಿದರು, ಅದನ್ನು ನಾನು ಮರೆತಿಲ್ಲ. ಆಮೇಲೆ ನಾನು ಗಾಡಿಯನ್ನು ಎಷ್ಟು ಓಡಿಸಿದರೂ, ಕಮಲಾಪುರದ ಶಾಲೆ ಮುಟ್ಟುವ ಹೊತ್ತಿಗೆ ಆರು ದಾಟಿತ್ತು. ಗೇಟು ಹಾಕಿದ್ದರು. ಆರರೊಳಗೆ ಬಂದು ಸಾಲಿನಲ್ಲಿ ನಿಂತವರಿಗೆ ಮಾತ್ರ ಚೀಟಿ ಕೊಟ್ಟಾಗಿತ್ತು. ಗೇಟಿನ ಪೊಲೀಸ್ ಪರ ಊರಿನವನು, ಅಭ್ಯರ್ಥಿ ಎಂದರೆ ಅವನಿಗೆ ನಂಬಿಕೆ ಬರಲಿಲ್ಲ. ನಿಗಾ ಪಕ್ಷದ ಅಭ್ಯರ್ಥಿ ತಮಗೆ ತಾವೇ ಓಟು ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಕಾಕಾ ನನ್ನ ಪ್ರೆಸ್ಸಿಗೆ ಬಂದು ಎಡಗೈಯ ತೋರುಬೆರಳನ್ನು ಮುಂದೆ ಚಾಚಿದರು.

"ಮಸಿ ಹಚ್ಚು."

"ಏನ್ ಮಾತಾಡ್ತೀರಿ ಕಾಕಾ?"

"ಪಕ್ಷದ ಅಧ್ಯಕ್ಷನ ಬೆರಳ ಖಾಲಿ ಕಂಡ್ರ ಪಕ್ಷ ಉಳಿತದೇನು? ಹಚ್ಚು ಅಂದೆ. ಯಾರ ಮುಂದೂ ಬಾಯಿ ಬಿಡಬ್ಯಾಡ."

ನಾನು ಪ್ರೆಸ್ಸಿನ ಕರಿ ಮಸಿಗೆ ಸ್ಟ್ಯಾಂಪ್ ಪ್ಯಾಡಿನ ನೇರಳೆ ಬೆರೆಸಿ, ಉಗುರಿನ ಮೇಲಿಂದ ಚರ್ಮದವರೆಗೆ ಒಂದು ಗೆರೆ ಎಳೆದೆ. ನನ್ನ ಕೈಚಳಕದ ಬಗ್ಗೆ ನನಗೆ ಹೆಮ್ಮೆಯೇ ಆಯಿತು ಎಂದು ಈಗ ಹೇಳಲು ನಾಚಿಕೆಯಾಗುತ್ತದೆ. ಅಸಲಿ ಶಾಯಿ ವಾರಗಟ್ಟಲೆ ನಿಲ್ಲುತ್ತದೆ, ನನ್ನದು ಎರಡು ದಿನಕ್ಕೆ ಮಾಸುತ್ತಿತ್ತು. ಹೀಗಾಗಿ ಕಾಕಾ ಊರಿಗೆ ಹೋಗುವ ಮುಂಚೆ ಪ್ರತಿ ಸಲ ಬಂದು ಬೆರಳು ಕೊಡುತ್ತಿದ್ದರು. ಜೀವಮಾನವಿಡೀ ಸುಳ್ಳು ಹೆಸರು ಹಿಡಿದ ಮನುಷ್ಯ, ಸುಳ್ಳು ಗುರುತು ಹಾಕಿಸಿಕೊಳ್ಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಫಲಿತಾಂಶ ಬಂತು. ಕಾಕಾನ ಓಟಿರುವ ಬೂತಿನಲ್ಲಿ ನಿಗಾ ಪಕ್ಷಕ್ಕೆ ಬಿದ್ದದ್ದು ಒಂದೇ ಒಂದು ಓಟು.

ಕಮಲಾಪುರಕ್ಕೆ ಲೆಕ್ಕ ಸುಲಭವಾಗಿತ್ತು. ಒಂದು ಓಟು ಬಿದ್ದಿದೆ, ಚನ್ನಬಸಪ್ಪನ ಬೆರಳಲ್ಲಿ ಮಸಿ ಇದೆ, ಅಂದಮೇಲೆ ಆ ಒಂದು ಅವನದೇ. ಹಾಗಾದರೆ ಹೆಂಡತಿ ಹಾಕಿಲ್ಲ! ಸಂತೆಯಲ್ಲಿ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತ ಕಾಕುವನ್ನು ಹೆಂಗಸರು ಮುಖದ ಮೇಲೇ ಕೇಳಿದರು. ಕಟ್ಟಿಕೊಂಡ ಗಂಡನಿಗೆ ಒಂದು ಓಟು ಹಾಕದವಳು ಎಂಬ ಹೆಸರು ಬಂತು. ಕಾಕು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ನನ್ನ ಓಟು, ನನ್ನ ಮರ್ಜಿ" ಎಂದಷ್ಟೇ ಹೇಳಿ ಹಣ್ಣು ತೂಗಿ ಕೊಟ್ಟರಂತೆ.

ನನಗೆ ತಡೆಯಲಿಲ್ಲ. "ಕಾಕಾ, ನೀವು ಹಾಕಿಲ್ಲ. ಅಂದ್ರ ಆ ಒಂದು ಕಾಕುಂದೇ. ಹೋಗಿ ಊರ ಮುಂದ ಹೇಳ್ರಿ" ಅಂದೆ.

ಅವರು ಚಹಾದ ಕಪ್ಪು ಕೆಳಗಿಟ್ಟರು. "ಅಕಿದೇ ಅಂತ ಏನ್ ಗ್ಯಾರಂಟಿ? ಬ್ಯಾರೆ ಯಾರೋ ಪುಣ್ಯಾತ್ಮ ಹಾಕಿರಬಹುದು. ಹಾಕಿದ್ರ ಅಕಿ ಯಾಕ ಬಾಯಿ ಬಿಡವಲ್ಲಳು?"

"ಕೇಳ್ರಲಾ ಒಮ್ಮೆ."

"ಕೇಳಿದ್ರ ಹಾಕೀನಿ ಅಂತಾಳ. ಅದು ಖರೇ ಅಂತ ಹ್ಯಾಂಗ ತಿಳ್ಕೋಬೇಕು?"

ನನಗೆ ಸಿಟ್ಟು ಬಂತು. ಇದು ಅನುಮಾನವಲ್ಲ, ತಪ್ಪೊಪ್ಪಿಕೊಳ್ಳಲು ಧೈರ್ಯವಿಲ್ಲದವನ ನೆಪ ಎಂದೂ ಅನಿಸಿತು. ಆದರೆ ನಾನೇ ಹೋಗಿ ಕಾಕುಗೆ ಹೇಳಬಹುದಿತ್ತು. ಮಾತು ಕೊಟ್ಟಿದ್ದೇನೆ ಎಂದುಕೊಂಡು ಸುಮ್ಮನಾದೆ. ಮಸಿ ಹಚ್ಚಿದ ಕೈ ನನ್ನದು ಎಂಬ ಅಳುಕೂ ಇತ್ತು, ಅದನ್ನೇಕೆ ಮುಚ್ಚಿಡಲಿ.

ಕಾಕಾ ಮತ್ತೆ ಚುನಾವಣೆಗೆ ನಿಲ್ಲಲಿಲ್ಲ. ಮೂರ್ನಾಲ್ಕು ವರ್ಷ ಹೀಗೇ ಕಳೆದವು. ಕೊನೆಯ ಸಲ ಅವರನ್ನು ಕಂಡದ್ದು ಬಸ್ ಸ್ಟ್ಯಾಂಡಿನಲ್ಲಿ. ಲಾಡ್ಜಿನ ಕೆಲಸ ಬಿಟ್ಟು ಊರಿಗೆ ಹೊರಟಿದ್ದರು, ನಾನು ಪೆಟ್ಟಿಗೆ ಏರಿಸಿಕೊಡಲು ಹೋಗಿದ್ದೆ. ಕಮಲಾಪುರದ ಬಸ್ಸು ಬಂದಾಗ ನನ್ನ ತೋಳು ಹಿಡಿದುಕೊಂಡು, "ರಫೀಕ, ಆ ಒಂದು ಅಕಿದೇ ಇರಬೇಕಲ್ಲೋ?" ಅಂದರು. "ಕೇಳ್ರಿ ಕಾಕಾ" ಅಂದೆ. "ಈ ಸಲ ಕೇಳೇ ಬಿಡ್ತೀನಿ" ಎಂದು ಬಸ್ಸು ಹತ್ತಿದರು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಎರಡು ತಿಂಗಳೊಳಗೆ ಎದೆನೋವು ಬಂದು ಹೋಗಿಬಿಟ್ಟರೆಂದು ಫೋನು ಬಂತು.

ಮಣ್ಣಿಗೆ ಹೋಗಲು ನನಗಾಗಲಿಲ್ಲ. ಹದಿನೈದು ದಿನ ಬಿಟ್ಟು ಹೋದೆ. ಕಾಕು ಪಡಸಾಲೆಯಲ್ಲಿ ಬಾಳೆಗೊನೆ ಬಿಡಿಸುತ್ತಾ ಕೂತಿದ್ದರು. ಅತ್ತ ಗುರುತು ಮುಖದಲ್ಲಿರಲಿಲ್ಲ. ಅದನ್ನು ಕಂಡು ನನ್ನ ಮನಸ್ಸಿನಲ್ಲೂ ಒಂದು ಕೆಟ್ಟ ಅನುಮಾನ ಸುಳಿಯಿತು, ನಿಜಕ್ಕೂ ಈಕೆ ಓಟು ಹಾಕಿರಲಿಲ್ಲವೇನೋ ಎಂದು.

"ಕಾಕು, ಕಾಕಾ ನಿಮ್ಮನ್ನ ಏನರೆ ಕೇಳಿದ್ರೇನು?"

"ಎರಡ ಮೂರ ಸಲ ಕೇಳಾಕ ಬಾಯಿ ತಗದ್ರಪ್ಪಾ. ನಾ ಹೂಂ ಹೇಳ್ರಿ ಅಂದೆ. ಬಾಳಿಹಣ್ಣ ಹಣ್ಣಾಗ್ಯಾವೇನು ಅಂದ್ರು."

ನಾನು ಕೇಳಿಯೇ ಬಿಟ್ಟೆ. "ಆ ಒಂದು ಓಟು ನಿಮ್ಮದಲ್ಲೇನು?"

ಕಾಕು ಕೈಯಲ್ಲಿದ್ದ ಹಣ್ಣು ಕೆಳಗಿಟ್ಟರು. "ನಂದೇ. ಬೆಳಿಗ್ಗೆ ಎಲ್ಲಾರಿಗಿಂತ ಮುಂಚೆ ಹೋಗಿ ಹಾಕಿ ಬಂದೀನಿ."

"ಮತ್ತ ಊರೆಲ್ಲಾ ಆಡಿಕೊಳ್ಳುವಾಗ ಯಾಕ ಹೇಳಲಿಲ್ಲ?"

"ಹ್ಯಾಂಗ ಹೇಳ್ಲಿ? ಬಿದ್ದದ್ದು ಒಂದು. ಅದು ನಂದು ಅಂದ್ರ, ಅವರದು ಎಲ್ಲಿ ಹ್ವಾತು ಅಂತ ಕೇಳ್ತಿದ್ರಲ್ಲ. ಅವರ ಬೆರಳಾಗ ಮಸಿ ಇತ್ತು. ತಮ್ಮ ಪಕ್ಷ ಬಿಟ್ಟು ಯಾರಿಗೋ ಹಾಕಿ ಬಂದಾರ ಅಂತ ಊರಿಗೆ ತಿಳೀತಿತ್ತು. ನನಗ ಹೆಸರ ಬಂದ್ರ ಬರಲಿ, ಅವರಿಗೆ ಬರೂದ ಬ್ಯಾಡ ಅಂತ ಸುಮ್ಮನ ಕುಂತೆ." ಹಣ್ಣನ್ನು ಮತ್ತೆ ಕೈಗೆತ್ತಿಕೊಂಡು, "ಆದರ ರಫೀಕ, ಅವರ ಮುಂದ ಚಹಾ ಇಡುವಾಗೆಲ್ಲ ಆ ಬೆರಳ ನೋಡ್ತಿದ್ದೆ. ಯಾರಿಗೆ ಮಾರಿಕೊಂಡ ಬಂದಾರೋ ಅಂತ" ಅಂದರು.

ನಾಗಮ್ಮನ ಜಗಳ, ಹಾಕಿದ ಗೇಟು, ಮರುದಿನ ಪ್ರೆಸ್ಸಿನಲ್ಲಿ ನಾನು ಎಳೆದ ಗೆರೆ, ಎಲ್ಲ ಹೇಳಿದೆ. ನನ್ನ ಎರಡು ದಿನದ ಮಸಿ ಈ ಮನೆಯಲ್ಲಿ ಇಷ್ಟು ವರ್ಷ ಉಳಿದಿತ್ತು. ಕಾಕು ನನ್ನನ್ನು ಬೈಯುತ್ತಾರೆಂದು ತಲೆ ತಗ್ಗಿಸಿ ಕೂತೆ.

ಬೈಯಲಿಲ್ಲ. "ಅಂದ್ರ ಬ್ಯಾರೆಯವರಿಗೆ ಹಾಕಿಲ್ಲ?"

"ಇಲ್ಲ ಕಾಕು. ಯಾರಿಗೂ ಹಾಕಿಲ್ಲ."

"ಆಣಿ ಮಾಡು."

ಅವರ ಕೈ ಹಿಡಿದು ಆಣೆ ಮಾಡಿದೆ. ಆಗ ಕಾಕು ಸೆರಗು ಬಾಯಿಗೆ ಒತ್ತಿಕೊಂಡು, "ಇಷ್ಟ ಮಾತು ಹೇಳಾಕ ಏನಾಗಿತ್ರಿ ನಿಮಗ?" ಎಂದು ಗೋಡೆಯ ಮೇಲಿನ ಕಾಕಾನ ಫೋಟೋದ ಕಡೆ ತಿರುಗಿ ಅಳತೊಡಗಿದರು.