ಅರ್ಧ ಬೋಳು ಮಂದೆ

ಆದಿವಾಲದ ಆಚೆ ಗೊಲ್ಲರಹಟ್ಟಿಯ ಎತ್ತಪ್ಪ ಉಣ್ಣೆ ಕತ್ತರಿಸಲು ಕೂತರೆ ಕುರಿ ನಿದ್ದೆ ಹೋಗುತ್ತಿತ್ತು. ನಾನೇ ನೋಡಿದ್ದೇನೆ. ಮಗ್ಗುಲಿಗೆ ಕೆಡವಿ ಹೊಟ್ಟೆಯ ಕಡೆಯಿಂದ ಬೆನ್ನಿಗೆ ಕತ್ತರಿ ಆಡಿಸುತ್ತಾ ಹೋದರೆ, ಉಣ್ಣೆ ಒಂದೇ ಹಾಸಾಗಿ ಕಳಚಿಕೊಳ್ಳುತ್ತಿತ್ತು. ಕುರಿ ಎದ್ದು ಮೈ ಕೊಡವಿ, ಏನೂ ಆಗಿಲ್ಲವೆಂಬಂತೆ ಹೊರಟುಬಿಡುತ್ತಿತ್ತು.

ನನಗೆ ಅವನು ಸಿಕ್ಕಿದ್ದು ನೀರಿನ ಚಳವಳಿಯಲ್ಲಿ. ಮಾರಿಕಣಿವೆ ಕಾಲುವೆಯ ಕೆಳಗೆ ಅವನಿಗೆ ಒಂದು ಗುಂಟೆ ಜಮೀನೂ ಇಲ್ಲ. ಆದರೂ ಪ್ರತಿ ಪಾದಯಾತ್ರೆಗೂ ಕಂಬಳಿ ಹೊದ್ದು ಬರುತ್ತಿದ್ದ. ನಿನಗ್ಯಾಕೋ ಇದೆಲ್ಲ ಎಂದು ಒಮ್ಮೆ ಕೇಳಿದೆ.

"ನೀರು ಬಂದ್ರೆ ನಿಮಗೆ ತೆಂಗು, ನನ್ ಕುರಿಗೆ ಬದಿನ ಹುಲ್ಲು. ನೀವು ಬಿಟ್ಟಿದ್ದು ನಮಗೆ ಸಾಕು ಬಿಡಣ್ಣ" ಅಂದ.

ಹಿರಿಯೂರಿನಲ್ಲಿ ಲಾಠಿ ಬೀಸಿದ ದಿನ ನಮ್ಮೆಲ್ಲರ ಬೆನ್ನಿನ ಮೇಲೆ ಬಾಸುಂಡೆ ಎದ್ದವು. ಕಂಬಳಿ ದಪ್ಪಗಿದ್ದುದರಿಂದ ಅವನ ಬೆನ್ನು ಉಳಿಯಿತು. ಪೊಲೀಸ್ ವ್ಯಾನಿನಲ್ಲಿ ನಮ್ಮನ್ನು ನೋಡಿ ನಕ್ಕಿದ್ದೇ ನಕ್ಕಿದ್ದು.

ಉಣ್ಣೆಯ ವಿಷಯದಲ್ಲಿ ಅವನ ಮನೆತನಕ್ಕೆ ಎರಡು ಕಟ್ಟುಗಳಿದ್ದವು. ಬೇಸಿಗೆಯ ಕತ್ತರಿ ಹಿಡಿಯಬೇಕಾದ್ದು ಶಿವರಾತ್ರಿ ಕಳೆದು ಚಳಿ ಕಾಲ್ತೆಗೆದ ಮೇಲೆ, ಇದು ಒಂದು. ಕುಲದೈವ ಜುಂಜಪ್ಪನ ಹೆಸರು ಹೇಳಿ ಕತ್ತರಿ ಎತ್ತಿದ ದಿನವೇ ಇಡೀ ಮಂದೆ ಮುಗಿಯಬೇಕು, ಇದು ಇನ್ನೊಂದು. ಅರ್ಧ ಬೋಳಾದ ಮಂದೆ ಮುಳ್ಳುಬೇಲಿಯ ರೊಪ್ಪಕ್ಕೆ ಹೋಗಕೂಡದು. ಯಾಕೆ ಎಂದು ಯಾರೂ ಕೇಳಿದವರಿಲ್ಲ. ಕೆಲಸಕ್ಕೆ ಕೆಲಸ ತೀರಿಸಲು ಬೇರೆ ಹಟ್ಟಿಗಳಿಂದ ಮುಯ್ಯಾಳಾಗಿ ಬಂದವರು ಅರ್ಧಕ್ಕೆ ಎದ್ದು ಹೋಗದಿರಲಿ ಎಂದು ಯಾವನೋ ಹಿರಿಯ ಹಾಕಿದ ಕಟ್ಟು ಎಂಬುದು ನನ್ನ ಲೆಕ್ಕ. ಆಕಾಶ ತನ್ನ ಕಟ್ಟಿನಲ್ಲಿ ಇದ್ದಷ್ಟು ಕಾಲ ಇವರ ಕಟ್ಟೂ ನಡೆಯಿತು.

ಹೋದ ವರ್ಷ ಶಿವರಾತ್ರಿಗೆ ಮುಂಚೆಯೇ ಬಿಸಿಲು ನೆತ್ತಿ ಸುಟ್ಟಿತು. ಕುರಿಗಳು ಮೇಯುವುದು ಬಿಟ್ಟು, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ಏದುತ್ತ ನಿಂತವು. ಗಬ್ಬದ ಕುರಿಗಳು ಕಂದು ಹಾಕಿದವು. ಎತ್ತಪ್ಪನ ಹೆಂಡತಿ ಚಿತ್ತಮ್ಮ "ಕತ್ತರ್ಸು, ಬೇಯ್ತಾ ಅವೆ" ಎಂದು ದಿನಾ ಹೇಳಿದಳು. ಅವನು ಹಬ್ಬ ಕಳೆಯಲಿ ಎಂದು ಕಾದ.

ಹಬ್ಬ ಕಳೆಯಿತು, ಮುಯ್ಯಾಳು ಬಂದರು. ಅರ್ಧ ಮಂದೆ ಬೋಳಾಗುವ ಹೊತ್ತಿಗೆ ಜೋಗಿಮಟ್ಟಿ ಬೆಟ್ಟದ ದಿಕ್ಕಿನಿಂದ ಕರಿ ಮೋಡ ಎದ್ದಿತು.

"ನಿಲ್ಸು ಇನ್ನ. ಉಳಿದವ್ಕೆ ಮೈಮೇಲಾರ ಉಣ್ಣೆ ಇರ್ಲಿ" ಅಂದಳು ಚಿತ್ತಮ್ಮ.

"ಶಿವರಾತ್ರಿ ಮುಗುದ್ಮೇಲೆ ಎಂಥ ಮಳೆ? ಅಂಗಳ ತೋಯಲ್ಲ" ಅಂದ ಎತ್ತಪ್ಪ.

"ಮೋಡಕ್ಕೆ ನಿನ್ ಪಂಚಾಂಗ ಗೊತ್ತೈತೇನು?"

ಎತ್ತಪ್ಪನ ತಮ್ಮ ಚಿತ್ತಯ್ಯ ಕತ್ತರಿ ಆಡಿಸುತ್ತಲೇ ಬಾಯಿ ಹಾಕಿದ. "ಅತ್ತಿಗೆ, ಅರ್ಧಕ್ಕೆ ಎದ್ರೆ ಹಟ್ಟಿಯೋರು ಅಣ್ಣನ ತಲೇನೂ ಅರ್ಧ ಬೋಳಿಸ್ತಾರೆ."

ಎಲ್ಲರೂ ನಕ್ಕರು. ಚಿತ್ತಮ್ಮ ನಗಲಿಲ್ಲ. ಸೂರ್ಯ ಮುಳುಗುವ ಮುಂಚೆ ಕೊನೆಯ ಕುರಿಯೂ ಬೋಳಾಯಿತು. ಮುಯ್ಯಾಳು ಮುದ್ದೆ ಉಂಡು ಹೊರಟರು. ಆಮೇಲೆ ಗಾಳಿ ಬಂತು, ಗಾಳಿಯ ಹಿಂದೆ ಆಲಿಕಲ್ಲು, ಅದರ ಹಿಂದೆ ಬೆಳಗಿನವರೆಗೂ ಬಿಡದ ಮಳೆ.

ಸುದ್ದಿ ತಿಳಿದು ನಾನು ಹೋದಾಗ ರೊಪ್ಪದ ಒಂದು ಮೂಲೆಯಲ್ಲಿ ಕುರಿಗಳು ರಾಶಿ ಬಿದ್ದಿದ್ದವು. ಮೇಲಿನವು ಶೀತಕ್ಕೆ ಸತ್ತಿದ್ದವು, ಅಡಿಯವು ಮೇಲಿನವುಗಳ ಭಾರಕ್ಕೆ. ಚಿತ್ತಮ್ಮ ಮನೆಯಲ್ಲಿದ್ದ ಕಂಬಳಿ, ಸೀರೆ, ಗೋಣಿಚೀಲ ಎಲ್ಲ ತಂದು ಹೊದಿಸಿದ್ದಳು. ಆ ಹೊದಿಕೆಗಳ ಅಡಿಯಲ್ಲಿದ್ದವು ಮಾತ್ರ ಬದುಕಿಕೊಂಡವು. ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ನಾನು ಹೇಳಿರಲಿಲ್ಲವಾ ಎಂಬ ಒಂದು ಮಾತು ಅವಳ ಬಾಯಲ್ಲಿ ಬರಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಪಶುವೈದ್ಯ ಪ್ರಸನ್ನಕುಮಾರ್ ಬಂದ. ಸುಳ್ಳು ಸಮಾಧಾನ ಹೇಳುವ ಪೈಕಿಯವನಲ್ಲ. ಕಲ್ಲಿದ್ದಲು, ಎಣ್ಣೆ ಉರಿಸಿದ ಹೊಗೆ ಭೂಮಿಯ ಸುತ್ತ ಕೂತು ಕಾವನ್ನು ಹೊರಗೆ ಬಿಡುತ್ತಿಲ್ಲ. ಕಾದ ಗಾಳಿ ಹೆಚ್ಚು ನೀರು ಹೊತ್ತು ತಿರುಗುತ್ತದೆ, ಕೆಡವಿದಾಗ ಒಂದೇ ಸಲ ಕೆಡವುತ್ತದೆ ಎಂದು ಬಿಡಿಸಿ ಹೇಳಿದ.

ಎತ್ತಪ್ಪ ಕೇಳಿಸಿಕೊಂಡು, "ಭೂಮಿಗೆ ಕಂಬಳಿ ಹೊದಿಸ್ದಂಗೆ ಆತು" ಅಂದ.

"ಹೌದು, ಹಂಗೇ."

"ತೆಗಿಯಾಕೆ ಬರಲ್ವಾ ಸಾರ್ ಅದನ್ನ?"

"ಈಗ ಹೊದಿಸಿದ್ದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಇರ್ತದೆ. ಇನ್ನೂ ಹೊದಿಸ್ತಾನೇ ಇದಾರೆ."

"ಹಂಗಾರೆ ನಾನು ಯಾವಾಗ ಕತ್ತರಿಸ್ಲಿ?"

ಪ್ರಸನ್ನಕುಮಾರ್ ಸತ್ತ ಕುರಿಗಳನ್ನು ನೋಡಿದ. "ನನಗೂ ಗೊತ್ತಿಲ್ಲ ಎತ್ತಪ್ಪ. ಒಂದು ಶೆಡ್ ಹಾಕ್ರಿ."

"ಮಂದೆ ಊರೂರು ತಿರುಗ್ತದೆ. ಶೆಡ್ ತಿರುಗಲ್ಲ."

ಅಲ್ಲಿಗೆ ಮಾತು ಮುಗಿಯಿತು. ನಾವು ಚಳವಳಿಯವರು ಈ ಜಿಲ್ಲೆಯ ಯಾವ ಕಚೇರಿಯ ಬಾಗಿಲನ್ನೂ ಬಿಟ್ಟವರಲ್ಲ. ಬೈಯಲು ಒಬ್ಬ ಮಂತ್ರಿ, ಕೂರಲು ಒಂದು ಗೇಟು ಯಾವಾಗಲೂ ಇರುತ್ತಿತ್ತು. ಇದಕ್ಕೆ ಎಲ್ಲಿ ಹೋಗಿ ಕೂರುವುದು? ಹೊಗೆ ಬಿಟ್ಟವನು ಎತ್ತಪ್ಪನ ಹಟ್ಟಿಯ ಹೆಸರನ್ನೇ ಕೇಳಿಲ್ಲ. ಎತ್ತಪ್ಪ ಬಿಟ್ಟ ಹೊಗೆ ಎಂದರೆ ಒಲೆಯದು ಮತ್ತು ಬೀಡಿಯದು.

ಈ ವರ್ಷ ಬಿಸಿಲು ಇನ್ನೂ ಮುಂಚೆ ಬಂತು. ಉಳಿದ ಮಂದೆ ಮತ್ತೆ ತಲೆ ತೂರಿಸಿ ಏದುತ್ತ ನಿಂತಿತು. ಎತ್ತಪ್ಪ ಶಿವರಾತ್ರಿಗೆ ಕಾಯಲಿಲ್ಲ, ಮುಯ್ಯಾಳನ್ನು ಕರೆಯಲಿಲ್ಲ. ನಾನು ಹೋದಾಗ ಒಬ್ಬನೇ ಕೂತು ಕತ್ತರಿಸುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಕತ್ತರಿ ಒರೆಸಿ ಎತ್ತಿಟ್ಟ. ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಮಂದೆಯಲ್ಲಿ ಅರ್ಧ ಬೋಳು, ಅರ್ಧ ಉಣ್ಣೆ.

"ಯಾಕೋ, ಕೈ ನೋವಾ?"

"ಇಲ್ಲಣ್ಣ. ಇಷ್ಟೇ."

"ನಿಮ್ಮ ಕಟ್ಟು?"

"ಕಟ್ಟು ಹೋದ ವರ್ಷ ನಡ್ಸಿದ್ನಲ್ಲ" ಅಂದ. ಬೀಡಿ ಹಚ್ಚಿ ಮಂದೆಯತ್ತ ತಿರುಗಿದ. "ಬಿಸಿಲು ಹೆಚ್ಚಾದ್ರೆ ಉಣ್ಣೆ ಇರೋವು ಹೋಗ್ತವೆ. ಮಳೆ ಬಿದ್ರೆ ಬೋಳಾಗಿರೋವು. ಯಾವ್ದು ಬಂದ್ರೂ ಅರ್ಧ ಉಳೀತವೆ."

"ಎರಡೂ ಬಂದ್ರೆ?"

ಚಿತ್ತಮ್ಮ ನೀರಿನ ಚೊಂಬು ತಂದು ನನ್ನ ಮುಂದಿಟ್ಟಳು. ಹೋದ ವರ್ಷ ತನ್ನ ಸೀರೆಯ ಅಡಿಯಲ್ಲಿ ಉಳಿಸಿಕೊಂಡ ಕರಿ ಮರಿ ಈಗ ಬೆಳೆದು ಕುರಿಯಾಗಿತ್ತು. ಅದು ಯಾವ ಅರ್ಧದಲ್ಲಿದೆ ಎಂದು ಮಂದೆಯತ್ತ ಕಣ್ಣಾಡಿಸಿದಳು.

"ಕರೇದನ್ನ ಯಾಕೆ ಬೋಳಿಸ್ದೆ?"

"ಮುಖ ನೋಡ್ಲಿಲ್ಲ ಕಣೆ. ಕೈಗೆ ಸಿಕ್ಕಿದ್ದು ಹಿಡ್ದೆ."

ಅವಳು ಒಳಗೆ ಹೋಗಿ ಹಳೆಯ ಸೀರೆಯೊಂದನ್ನು ತಂದು ರೊಪ್ಪದ ಬೇಲಿಯ ಮೇಲೆ ಹಾಕಿ ಹೋದಳು.