ಎಂಟು ಗಂಟೆಯ ರಕ್ತಕ್ಕಾಗಿ ಕುನ್ನತ್ತೂರಿಗೆ

ಹಾಲಿನವನು ಬರುವ ಮೊದಲೇ ಇಡ್ಲಿ ಇಳಿಸಿ, ಫಿಲ್ಟರಿಗೆ ಬಿಸಿನೀರು ಹೊಯ್ದು, ಇವರ ಅಂಗಿಯ ಕಿತ್ತುಹೋದ ಗುಂಡಿ ಹೊಲಿದೆ. ಅಷ್ಟರಲ್ಲಿ ತಂಗಿ ವಸಂತಾ ಐಸ್ ತುಂಬಿದ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಮ್ಮ ಕೊಯಮತ್ತೂರಿನ ಕಾಲೇಜೊಂದರಲ್ಲಿ ಅವಳದು ನಾಲ್ಕು ವರ್ಷದ ಸಂಶೋಧನೆ. ನೆರಳಲ್ಲೇ ದುಡಿಯುವ ನೇಕಾರರ ಮೈಯಲ್ಲಿ ಬಿಸಿಲಿನಿಂದ ಸಿಗುವ, ಕಡಿಮೆಯಾದರೆ ಮೂಳೆ ನೋಯಿಸುವ ವಿಟಮಿನ್ ಡಿ ಎಷ್ಟಿದೆ, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಎಷ್ಟಿದೆ ಎಂಬುದು ವಿಷಯ. ಕಾರ್ಟಿಸಾಲ್ ಹೊತ್ತಿಗೆ ತಕ್ಕಂತೆ ಏರಿಳಿಯುವುದರಿಂದ ಎಲ್ಲರ ರಕ್ತವನ್ನೂ ಬೆಳಿಗ್ಗೆ ಎಂಟಕ್ಕೇ ತೆಗೆಯಬೇಕು. ಒಬ್ಬಳೇ ಹೋಗುವುದು ಬೇಡವೆಂದು ನಾನೂ ಹೊರಟೆ.

ಅವಿನಾಶಿಯಲ್ಲಿ ಬಸ್ಸು ಬದಲಿಸಿದೆವು. ಕಂಡಕ್ಟರ್ ಪೆಟ್ಟಿಗೆ ನೋಡಿ, "ಏನಕ್ಕಾ, ಐಸ್ ವ್ಯಾಪಾರಮಾ?" ಎಂದು ನಕ್ಕು ಅದಕ್ಕೂ ಅರ್ಧ ಟಿಕೆಟ್ ಹರಿದ. ಗಾಳಿ ತಣ್ಣಗಿತ್ತು. ಏಳೂವರೆಗೆ ಕುನ್ನತ್ತೂರು ತಲುಪಿದೆವು.

ನೇಕಾರರ ಬೀದಿಯ ಮನೆಮಾತು ಕನ್ನಡವೇ, ರಾಗ ಮಾತ್ರ ತಮಿಳಿನದು. ಮಗ್ಗಗಳ ಯಜಮಾನರು ಇಪ್ಪತ್ತು ಗಂಡಸರನ್ನು ಸಾಲಾಗಿ ಕೂರಿಸಿದ್ದರು. ವಸಂತಾಳ ಪ್ರೊಫೆಸರರ ಅಪ್ಪಣೆ ಅದು: ಹೆಂಗಸರ ಹಾರ್ಮೋನು ತಿಂಗಳಿಡೀ ಏರಿಳಿಯುತ್ತದೆ, ಫಲಿತಾಂಶ ಕೆಡುತ್ತದೆ, ಅವರನ್ನು ಸೇರಿಸಿದರೆ ಪ್ರಬಂಧಕ್ಕೆ ಸಹಿ ಇಲ್ಲ.

ಒಳಗಿನ ಮಬ್ಬಿನಲ್ಲಿ ನೂಲು ಸುತ್ತುತ್ತಿದ್ದ ಹೆಂಗಸರಲ್ಲಿ ರಂಗಮ್ಮ ಎಂಬಾಕೆ ಕಂಬ ಹಿಡಿದು ಎದ್ದು ಬಂದಳು. ಮಂಡಿ ನೆಟ್ಟಗಾಗಲಿಲ್ಲ.

"ಏನಮ್ಮಣಿ, ಗಂಡಸರ್ಗೆ ಮಟ್ಟುಮಾ? ನಮ್ ಮೈಲಿ ಓಡೋದು ರಕ್ತ ಅಲ್ವಾ, ನಿಮ್ಮೂರ್ ನಲ್ಲೀಲಿ ಬರೋ ಸಿರುವಾಣಿ ತಣ್ಣಿಯಾ?"

ಗಂಡಸರು ನಕ್ಕರು. ಅವರಾದರೂ ಟೀ ಕುಡಿಯಲು ದಿನಕ್ಕೆ ನಾಲ್ಕು ಸಲ ಬಿಸಿಲಿಗೆ ಬೀಳುತ್ತಾರೆ. ಇವಳು ಹೊಸಿಲು ದಾಟುವುದು ನೀರು ಹಿಡಿಯಲು, ಅದೂ ಬೆಳಕು ಹರಿಯುವ ಮೊದಲು. ನನಗೆ ಮೈಯೆಲ್ಲಾ ಉರಿಯಿತು. ದನಿ ಏರಿಸಬಾರದೆಂದು ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಹತ್ತು ವರ್ಷ ತಿದ್ದಿದ್ದರು; ಏರಿಸಿಯೇಬಿಟ್ಟೆ.

"ನೋವು ಇವರಿಗೆ, ಪರೀಕ್ಷೆ ಅವರಿಗಾ?"

ಯಜಮಾನರು ಸಮಾಧಾನಕ್ಕೆ ಬಂದರು. "ಕೋಪ ಬೇಡಮ್ಮಾ. ಇವಳ್ದೂ ತಗೊಳ್ಳಿ. ನಳಿಕೆ ಮೇಲೆ ಅವಳ ಗಂಡನ್ ಪೇರ್ ಬರೀರಿ, ಯಾರ್ಗೆ ಗೊತ್ತಾಯ್ತದೆ?"

"ಸೂಜಿ ನಂಗೆ, ಪೇರ್ ಅವರ್ದಾ?" ರಂಗಮ್ಮ ವಸಂತಾಳತ್ತ ತೋಳು ಚಾಚಿದಳು. "ನನ್ ಪೇರೇ ಬರಿ, ನನ್ ಕಣ್ಣಲ್ವಾ."

ವಸಂತಾ ಗಡಿಯಾರ ನೋಡಿದಳು. ಎಂಟಕ್ಕೆ ಐದು ನಿಮಿಷ. ತಂದಿದ್ದ ನಳಿಕೆ ಇಪ್ಪತ್ತೇ; ಹತ್ತು ಗಂಡಸರನ್ನು ಎಬ್ಬಿಸಿ, ರಂಗಮ್ಮನೂ ಸೇರಿ ಹತ್ತು ಹೆಂಗಸರನ್ನು ಒಳಗಿಂದ ಕರೆದು ಕೂರಿಸಿದಳು. ಪ್ರತಿ ನಳಿಕೆಯ ಮೇಲೂ ಅವರವರ ಹೆಸರನ್ನೇ ಬರೆದಳು. ರಂಗಮ್ಮ ತನ್ನದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು.

ಮಧ್ಯಾಹ್ನ ಕಾಲೇಜಿನಲ್ಲಿ ಪ್ರೊಫೆಸರರು ಹೆಂಗಸರ ಆ ಹತ್ತು ನಳಿಕೆಗಳನ್ನು ಬೆರಳಿಂದ ಪಕ್ಕಕ್ಕೆ ತಳ್ಳಿದರು. "ಇವನ್ನ ಎಸಿ. ಇಲ್ಲಾಂದ್ರೆ ನಿನ್ನ ನಾಲ್ಕು ವರ್ಷ ಹೋಯ್ತು ಅಂತ ತಿಳ್ಕೋ."

"ಹೋಗ್ಲಿ ಸರ್. ಬೇರೆ ಪ್ರೊಫೆಸರ್ ಹತ್ತಿರ ಮೊದಲಿಂದ ಶುರುಮಾಡ್ತೀನಿ," ಎಂದು ಅವಳು ಹತ್ತನ್ನೂ ಫ್ರಿಜ್ಜಿನೊಳಗಿಟ್ಟಳು.

ಸಂಜೆ ಪಕ್ಕದ ಮನೆಯ ಪಂಕಜಮ್ಮ ಒಣಗಿದ ಬಟ್ಟೆ ತೆಗೆಯುತ್ತಾ, ಅಕ್ಕತಂಗಿ ಬೆಳಿಗ್ಗೆಯೇ ಎಲ್ಲಿಗೆ ಹೋಗಿದ್ದಿರೆಂದು ಕೇಳಿದರು. ಎಲ್ಲವನ್ನೂ ಹೇಳಿದೆ. ಸೊಂಟಕ್ಕೆ ಕೈ ಆನಿಸಿ ಬಕೆಟ್ ಎತ್ತಿಕೊಂಡು ಅವರೆಂದರು:

"ಓ, ಬರೀ ಹೆಂಗಸರ ಕೈಕಾಲು ನೋವಾ? ನಾನು ಏನೋ ಕಾಯಿಲೆ ಅಂದ್ಕೊಂಡೆ."