ಪಕ್ಕದವಳ ಗುಣ

ಮೈಸೂರು ಸೀಮೆಯಿಂದ ಬಂದ ಹೊಸ ಮಾಸ್ತರರು ಮೊದಲ ವಾರ ಯಾರಿಗೂ ಹೊಡೆಯಲಿಲ್ಲ. ನಮಗೆ ಅನುಮಾನ ಹುಟ್ಟಿದ್ದು ಅಲ್ಲಿಂದಲೇ.

ರಾಜ್ಯ ಒಂದಾಗಿ ಕೆಲವು ವರ್ಷಗಳಾಗಿದ್ದವು. ನಾನು ಹಾನಗಲ್ಲಿನಲ್ಲಿ ಏಳನೆಯ ಇಯತ್ತೆ. ವರ್ಷದ ಕೊನೆಗೆ ಮುಲ್ಕಿ ಪರೀಕ್ಷೆ; ಪಾಸಾಗುವ ಭರವಸೆ ಇದ್ದವರನ್ನಷ್ಟೇ ಮಾಸ್ತರರು ಅದಕ್ಕೆ ಕೂಡಿಸುತ್ತಿದ್ದರು. ಅಪ್ಪ ಹೇಳಿಬಿಟ್ಟಿದ್ದ: “ಮುಲ್ಕಿಗೆ ಕುಂದರಸಲಿಲ್ಲಂದ್ರ ಮನ್ಯಾಗ ಕುಂದ್ರು.”

ಒಂದು ದಿನ ಮಾಸ್ತರರು ಹಾಳೆ ಹಂಚಿ, “ನಿಮ್ಮ ಪಕ್ಕದಲ್ಲಿ ಕೂತವರ ಗುಣ ಬರೆಯಿರಿ. ನಿಮ್ಮನ್ನೆಲ್ಲ ನಾನು ತಿಳಿದುಕೊಳ್ಳಬೇಕು” ಎಂದರು. ಅವರ ಸೀಮೆಯಲ್ಲಿ ಗುಣವೆಂದರೆ ಸ್ವಭಾವ. ನಮ್ಮಲ್ಲಿ, ಮರಾಠಿಯ ದೆಸೆಯಿಂದ, ಪರೀಕ್ಷೆಯ ಅಂಕಗಳೂ ಗುಣಗಳೇ.

ಹಿಂದಿನ ಸಾಲಿನಲ್ಲಿ ಪಿಸುಮಾತು ಎದ್ದಿತು. “ತಾವ ಹೊಡಿಯೂದ ಬಿಟ್ಟು, ಕಡಿಮಿ ಗುಣ ಬಿದ್ದವರಿಗೆ ನಮ್ಮ ಕಡಿಂದ ಹೊಡಸ್ತಾರ, ನೋಡ.”

“ಎಲ್ಲಾರೂ ನೂರ ಬರೀರಿಲೇ.”

ನೂರೆಂದೇ ಬರೆದೆವು. ಹಾಳೆಗಳನ್ನು ತಿರುವುತ್ತ ಮಾಸ್ತರರು ಮೊದಲು ಗೊಂದಲಗೊಂಡರು, ಆಮೇಲೆ ನಕ್ಕರು, ಆಮೇಲೆ ಒಂದು ಹಾಳೆಗೆ ಬಂದು ತಡೆದರು. ನನ್ನ ಪಕ್ಕದವಳು, ಅಕ್ಕಿಆಲೂರಿನಿಂದ ಬಸ್ಸಿಗೆ ಬರುತ್ತಿದ್ದ ಹುಡುಗಿ, ನನಗೆ ಇಪ್ಪತ್ತೆಂಟು ಕೊಟ್ಟಿದ್ದಳು.

“ಯಾಕಮ್ಮ ಇಪ್ಪತ್ತೆಂಟು?”

“ಭಾಗಾಕಾರದಾಗ ಉಳದದ್ದನ್ನ ಬರಿಯಂಗಿಲ್ರಿ ಈಕಿ. ಒರಸಿಬಿಡ್ತಾಳ್ರಿ.”

ಆಗ ಅವಳ ಮುಖ ಹೇಗಿತ್ತೆಂದು ಬರೆಯಲು ಹೋದರೆ ಎರಡು ಮುಖಗಳು ಬರುತ್ತವೆ: ಒಂದು ಹಗೆಯದು, ಒಂದು ಕನಿಕರದ್ದು. ಎರಡನ್ನೂ ಆಮೇಲೆ ನಾನೇ ಮಾಡಿಕೊಂಡಿರಬೇಕು. ನನ್ನನ್ನು ಹಿಂದೆ ಹಾಕಿ ತಾನು ಮುಂದೆ ಹೋಗಲು ಹೀಗೆ ಮಾಡಿದಳೆಂದು ಅಂದುಕೊಂಡದ್ದಂತೂ ನಿಜ.

ಮಾಸ್ತರರು ನನ್ನನ್ನು ಹಲಗೆಗೆ ಕರೆದರು. ನಲವತ್ತಮೂರು ಚೀಲ ಅಕ್ಕಿಯನ್ನು ಐದು ಮನೆಗೆ ಸಮನಾಗಿ ಹಂಚಬೇಕು. ಎಂಟು ಎಂದು ಬರೆದು ಖಡು ಕೆಳಗಿಟ್ಟೆ. ತಪ್ಪೆಲ್ಲಿ ಎಂದು ಅವರು ಕೇಳಿದರೆ ವರ್ಗವೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಪಾಟಿ ನೋಡತೊಡಗಿತು. ಬಾಯಿಬಿಟ್ಟರೆ ಯಾರೋ ಒಬ್ಬರಿಗೆ ಏಟು ಎಂಬ ಲೆಕ್ಕ ನಮಗೆ ಚೆನ್ನಾಗಿ ಬರುತ್ತಿತ್ತು. ಕೊನೆಗೆ ಅವಳೇ ಎದ್ದಳು.

“ಉಳದ ಮೂರ ಚೀಲ ಯಾರ ಮನಿಗೆ ಕಳಿಸಿದೆವಾ?”

“ಗಿರಣಿ ಸಾವಕಾರನ ಮನಿಗೆ!” ಎಂದ ಹಿಂದಿನ ಸಾಲಿನವನೊಬ್ಬ.

ವರ್ಗ ನಕ್ಕಿತು. ನಗುತ್ತಲೇ ಎಲ್ಲರೂ ಮಾಸ್ತರರ ಕೈ ನೋಡಿದೆವು. ಬರಿಗೈ.

“ಇನ್ನು ಮೇಲೆ ಮೊದಲು ನೀವು ಒಬ್ಬರ ತಪ್ಪು ಒಬ್ಬರು ಹುಡುಕಿ. ಆಮೇಲೆ ನಾನು ಗುಣ ಕೊಡುತ್ತೇನೆ” ಎಂದರು ಅವರು, ಈಗ ನಮ್ಮ ಅರ್ಥದಲ್ಲಿ. ಅವಳತ್ತ ತಿರುಗಿ, “ಇವಳು ಮುಲ್ಕಿಗೆ ಸಿದ್ಧಳೋ ಇಲ್ಲವೋ, ಮುಂದಿನ ತಿಂಗಳು ನೀನೇ ಹೇಳಬೇಕು” ಎಂದರು.

ನನ್ನ ಗತಿ ಅವಳ ಕೈಗೆ ಹೋಯಿತು. ದಿನಾ ಮಧ್ಯಾಹ್ನದ ಊಟದ ಸೂಟಿಯಲ್ಲಿ ಅವಳು ನನಗೆ ಲೆಕ್ಕ ಹಾಕುತ್ತಿದ್ದಳು. ಬೇಕೆಂದೇ ಕಠಿಣವಾದದ್ದು ಹಾಕುತ್ತಾಳೆಂಬ ಗುಮಾನಿ ನನಗೆ. ಒಮ್ಮೆ ಸಿಟ್ಟು ತಡೆಯದೆ, “ನಾ ನಿನಗ ನೂರ ಕೊಟ್ಟಿದ್ದೆ” ಎಂದೆ.

“ಕೊಟ್ಟಿ. ನನ್ನ ಪಾಟಿ ಒಮ್ಮೆರೆ ನೋಡೀಯೇನ?”

ನೋಡಿರಲಿಲ್ಲ. ಅವಳು ತನ್ನ ಪಾಟಿಯನ್ನು ನನ್ನ ತೊಡೆಯ ಮೇಲಿಟ್ಟಳು. “ಹುಡುಕು.”

ಅಂದಿನಿಂದ ಒಬ್ಬರ ಪಾಟಿ ಒಬ್ಬರು ತಿದ್ದತೊಡಗಿದೆವು. ತಿಂಗಳಾದ ಮೇಲೆ ಮಾಸ್ತರರು ಕೇಳಿದಾಗ ಅವಳೆಂದಳು: “ಕುಂದರಸ್ರಿ. ಈಗ ಉಳದದ್ದನ್ನೂ ಬರೀತಾಳ.”

ಹಿಗ್ಗಬೇಕಾಗಿತ್ತು. ನನಗೆ ಬಂದದ್ದು ಇನ್ನೊಂದು ಸಂಶಯ: ಇದೂ ಸುಮ್ಮನೆ ಕೊಟ್ಟ ಒಂದು ನೂರೇನೋ? “ಈಕಿನ್ನ ನಂಬಬ್ಯಾಡ್ರಿ ಸರ್, ಗೆಳತಿ ಆಗ್ಯಾಳ. ನೀವ ಒಂದ ಲೆಕ್ಕ ಕೊಡ್ರಿ” ಎಂದುಬಿಟ್ಟೆ.

ಅವರು ಕೊಟ್ಟರು. ಭಾಗಿಸಿದೆ. ಆ ವರ್ಷ ಮುಲ್ಕಿಗೆ ಕೂತೆ. ಅಂದು ಹಲಗೆಯ ಮೇಲೆ ಉಳಿದದ್ದೆಷ್ಟು ಎಂಬುದು ಈಗ ನೆನಪಿಲ್ಲ. ಬರೆದೆನೆಂಬುದು ಮಾತ್ರ ಖಚಿತ, ಯಾಕೆಂದರೆ ಅವಳು ಹಲಗೆಯ ಹತ್ತಿರವೇ ನಿಂತು ಕಾಯುತ್ತಿದ್ದಳು.